ಸೇವಾಪುಸ್ತಕದಲ್ಲಿ ಉಳಿದ ಊರು

ವಿಜಯವಾಡದ ಬೆಂಜ್ ಸರ್ಕಲ್ಲಿನಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ಕೋಲ್ಕತ್ತಾದಿಂದ ಚೆನ್ನೈಗೆ ಹೋಗುವುದೊಂದು, ಪುಣೆಯಿಂದ ಮಚಲೀಪಟ್ಟಣಕ್ಕೆ ಬರುವುದೊಂದು. ಅದರ ಮಗ್ಗುಲಿನ ಪಟಮಟ 1985ರವರೆಗೆ ಗ್ರಾಮ ಪಂಚಾಯತಿಯಾಗಿತ್ತೆಂದರೆ ಇಂದು ನಂಬುವುದು ಕಷ್ಟ. 1888ರಲ್ಲಿ ಪುರಸಭೆಯಾಗಿ, 1981ರಲ್ಲಿ ನಗರಪಾಲಿಕೆಯಾದ ವಿಜಯವಾಡವು ಪಟಮಟ, ಗುಣದಲ, ಭವಾನಿಪುರಂ ಪಂಚಾಯತಿಗಳನ್ನು ಆ ವರ್ಷ ತನ್ನೊಳಗೆ ಸೇರಿಸಿಕೊಂಡಿತು. ಪಂಚಾಯತಿ ಹೋಯಿತು, ಹೆಸರು ಉಳಿಯಿತು. ವರ್ಗಾವಣೆಯ ಮೇಲೆ ಇಲ್ಲಿ ನೆಲೆಸಿರುವ ನಮಗೆ ಈ ಕಥೆ ಹೊಸದಲ್ಲ; ನಮ್ಮ ಹಿರಿಯರ ಊರಾದ ಬೇಗೂರಿನದೂ ಇದೇ.

ಬೇಗೂರು ಇಂದು ಬೆಂಗಳೂರಿನ ದಕ್ಷಿಣ ಭಾಗದ ಒಂದು ಬಡಾವಣೆ. ಸಾವಿರದ ನೂರು ವರ್ಷಗಳ ಹಿಂದೆ ಅದರ ಸ್ಥಾನ ಬೇರೆಯಿತ್ತು. ಬೆಂಗಳೂರೆಂಬ ಹೆಸರಿಗೆ ದೊರೆತಿರುವ ಅತಿ ಹಳೆಯ ಆಧಾರವೇ ಬೇಗೂರಿನ ನಾಗೇಶ್ವರ ದೇವಾಲಯದ ವೀರಗಲ್ಲು. ಅಲ್ಲಿಂದ ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಹೋದ ಇನ್ನೊಂದು ಶಾಸನವು, ಕಾಳಗದಲ್ಲಿ ನಾಗತ್ತರನು ಮಡಿದ ಬಳಿಕ ಗಂಗರ ಎರೆಯಪ್ಪನು ಇರುಗನಿಗೆ ಬೆಂಪೂರು ಹನ್ನೆರಡನ್ನು ಕೊಟ್ಟ ಸಂಗತಿಯನ್ನು ಹೇಳುತ್ತದೆ. ಆ ಬೆಂಪೂರೇ ಬೇಗೂರು. ಹನ್ನೆರಡು ಹಳ್ಳಿಗಳ ಗುಂಪಿಗೆ ಅದರದೇ ಹೆಸರು.

ಅರಸೊತ್ತಿಗೆಗಳು ಅಳಿದವು. ಕಂದಾಯ ದಾಖಲೆಯಲ್ಲಿ ಬೇಗೂರು ಹೋಬಳಿಯಾಯಿತು. ಮುಂದೆ ಪಂಚಾಯತಿ ಬಂತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಏಳು ನಗರಸಭೆ, ಒಂದು ಪುರಸಭೆಗಳೊಂದಿಗೆ 110 ಹಳ್ಳಿಗಳು ಸೇರಿದವು. ಬೇಗೂರು ಒಂದು ವಾರ್ಡಿನ ಹೆಸರಾಯಿತು. ಈ 110 ಹಳ್ಳಿಗಳಿಗೆಂದು ಕೈಗೊಂಡ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಆದೇಶಕ್ಕೂ ನೀರಿಗೂ ನಡುವೆ ಹದಿನೇಳು ವರ್ಷಗಳ ಅಂತರ. ಗ್ರಾಮಸಭೆ ಇಲ್ಲವಾದ ಮೇಲೆ ಜನ ತಮ್ಮ ಅಹವಾಲನ್ನು ಹೇಳಿಕೊಳ್ಳಲು ವಾರ್ಡಿನ ಸದಸ್ಯರೊಬ್ಬರಿದ್ದರು. 2020ರ ಸೆಪ್ಟೆಂಬರಿನಲ್ಲಿ ಚುನಾಯಿತರ ಅವಧಿ ಮುಗಿದು ಆಡಳಿತಾಧಿಕಾರಿಗಳ ಕಾಲ ಬಂತು. 2025ರಲ್ಲಿ ಪಾಲಿಕೆಯೇ ಐದಾಗಿ ಒಡೆಯಿತು.

ಕೇಂದ್ರ ಸರ್ಕಾರದ ನೌಕರರು ರಜಾ ಪ್ರಯಾಣ ರಿಯಾಯಿತಿಗಾಗಿ ಸ್ವಂತ ಊರನ್ನು ಘೋಷಿಸಬೇಕು. ಸೇವಾವಧಿಯಲ್ಲಿ ಅದನ್ನು ಬದಲಿಸಲು ಒಂದೇ ಅವಕಾಶ, ಅದೂ ವಿಶೇಷ ಕಾರಣವಿದ್ದರೆ ಮಾತ್ರ. ಸೇವೆಗೆ ಸೇರಿದಾಗ ನಾವು ಬರೆದದ್ದು ‘ಬೇಗೂರು ಗ್ರಾಮ, ಬೇಗೂರು ಹೋಬಳಿ’ ಎಂದು. ‘ಬೆಂಗಳೂರು ಅಂತ ತಿದ್ದಿಸಿಬಿಡಿ, ಸಾರ್’ ಎಂದು ಕಚೇರಿಯ ಗೆಳೆಯರು ಹೇಳುವುದುಂಟು. ತೆಲುಗನ್ನು ಸಲೀಸಾಗಿ ಆಡುವ ನಮ್ಮ ಮಕ್ಕಳೂ ಯಾರಾದರೂ ಊರು ಕೇಳಿದರೆ ಬೆಂಗಳೂರೆನ್ನುತ್ತಾರೆ. ಅದು ಸುಳ್ಳೇನಲ್ಲ. ಆದರೂ ತಿದ್ದಿಸುವ ಮನಸ್ಸು ನಮಗಾಗಿಲ್ಲ.

ಆದೇಶವೊಂದರಿಂದ ಊರಿನ ಹೆಸರು ಅಳಿಯುವುದಿಲ್ಲ. ಕಲ್ಲಿನಲ್ಲಿ, ಪಹಣಿಯಲ್ಲಿ, ಬಸ್ಸಿನ ಫಲಕದಲ್ಲಿ ಅದು ಹೇಗೋ ಬದುಕಿಕೊಳ್ಳುತ್ತದೆ. ಅಳಿಯುವುದು ಊರಿನ ದನಿ. ಹೆಸರನ್ನು ಕಾಪಾಡಲು ನಮ್ಮಂಥ ಹೊರನಾಡ ಕನ್ನಡಿಗರ ಸೇವಾಪುಸ್ತಕಗಳೂ ಸಾಕು. ದನಿಯನ್ನು ಕಾಪಾಡಲು ಊರವರು ಕೂಡಿ ಕೇಳುವ ಕಟ್ಟೆಯೊಂದು ಅಲ್ಲಿಯೇ ಇರಬೇಕು.