ಸಂಜೆಯ ರೋಗಿ

ಈಚೆಗೆ ನನಗೆ ಸಂಜೆಗೊಂದು ರೋಗ ಬರುತ್ತದೆ. ಸೋಮವಾರ ಮಂಡಿಯ ಆಪರೇಶನ್ ಆಗಿರುತ್ತದೆ, ಮಂಗಳವಾರ ಸಕ್ಕರೆ ಏರಿರುತ್ತದೆ, ಬುಧವಾರ ನಾನು ಮೊಲೆಗೂಸಿನ ತಾಯಿ. ನಮ್ಮಣ್ಣನ ಮಗಳು ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ನರ್ಸು. ಇಂಗ್ಲೆಂಡಿಗೆ ಹೋಗುವ ಆಸೆಯಿಂದ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆಗೆ ತಯಾರಿ ನಡೆಸಿದ್ದಾಳೆ. ಮಾತಿನ ಭಾಗಕ್ಕೆ ಎದುರಿಗೊಬ್ಬ ನಕಲಿ ರೋಗಿ ಬೇಕು. ವಿಜಾಪುರ ರಸ್ತೆಯ ನಮ್ಮ ಮನೆಯಲ್ಲಿ ಪೆನ್ಶನ್ ತಿನ್ನುತ್ತ ಕುಂತವನು ನಾನೊಬ್ಬನೇ.

ಈ ಪರೀಕ್ಷೆ 1980ರ ದಶಕದ ಕೊನೆಗೆ ಆಸ್ಟ್ರೇಲಿಯಾದಲ್ಲಿ ಹುಟ್ಟಿತು. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಒಪ್ಪಿಕೊಂಡದ್ದು 2017ರಲ್ಲಿ. ವೈದ್ಯಕೀಯದವರಿಗೇ ಮಾಡಿದ್ದು. ಮಾತಿನ ಭಾಗದಲ್ಲಿ ಕೈಗೊಂದು ಚೀಟಿ ಕೊಟ್ಟು ಓದಿಕೊಳ್ಳಲು ಮೂರು ನಿಮಿಷ ಬಿಡುತ್ತಾರೆ, ಆಮೇಲೆ ರೋಗಿಯ ಜೊತೆ ಐದು ನಿಮಿಷ ಮಾತಾಡಬೇಕು. ಇಂಥವು ಎರಡು. 500ಕ್ಕೆ 350 ಬಿದ್ದರೆ ‘ಬಿ’ ಗ್ರೇಡು.

ಇಂಗ್ಲಿಷು ಆಕೆಗೆ ಸಾಕಷ್ಟು ಬರುತ್ತದೆ. ನರ್ಸಿಂಗ್ ಓದಿದ್ದೇ ಅದರಲ್ಲಿ. ಅಂಕ ಸೋರುವುದು ಅಕ್ಕರೆಯಲ್ಲಿ. ಗುಳಿಗಿ ಬಿಟ್ಟೆನೆಂದು ನಾನು ಒಪ್ಪಿಕೊಂಡರೆ ಸಾಕು, ಚೀಟಿಯೂ ಇಂಗ್ಲೆಂಡೂ ಎರಡೂ ಮರೆತುಹೋಗುತ್ತವೆ. “ಇಷ್ಟ ದಿನಾ ಏನ ಮಾಡಕತ್ತಿದ್ದಿ ಅಜ್ಜಾ? ಮನ್ಯಾಗ ಹೇಳೋರು ಯಾರೂ ಇಲ್ಲೇನು?” ವಾರ್ಡಿನಲ್ಲಿ ಆಕೆ ಇದನ್ನೇ ಮರಾಠಿಯಲ್ಲಿ, ತೆಲುಗಿನಲ್ಲಿ, ದಖನಿಯಲ್ಲಿ ಹಾಸಿಗೆ ಹಾಸಿಗೆಗೆ ಬದಲಿಸಿ ಬೈಯುತ್ತಾಳೆ. ಕನ್ನಡವೂ ಸೇರಿ ಆ ನಾಲ್ಕು ಭಾಷೆಗೆ ಯಾರೂ ಫೀ ಕಟ್ಟಿಸಿಕೊಂಡಿಲ್ಲ, ಗ್ರೇಡೂ ಕೊಟ್ಟಿಲ್ಲ. ನಮ್ಮ ಕಡೆ ಬೈಯದ ಸಿಸ್ಟರ್ ಎಂದರೆ ಕೆಲಸ ಬಾರದ ಸಿಸ್ಟರ್.

ಪರೀಕ್ಷೆಗೆ ಬೇಕಾದ ನಡೆ ಬೇರೆ. ನಿಮ್ಮನ್ನು ಏನೆಂದು ಕರೆಯಲಿ? ನಿಮ್ಮ ಆತಂಕ ನನಗೆ ತಿಳಿಯುತ್ತದೆ. ಗುಳಿಗಿ ಬಿಡಲು ಕಾರಣವೇನೆಂದು ಹೇಳುತ್ತೀರಾ? ರೋಗಿಯೊಡನೆ ನಂಟು ಬೆಳೆಸುವುದಕ್ಕೆ, ಅವನ ಅಳುಕು ಕೇಳಿಕೊಳ್ಳುವುದಕ್ಕೆ 2018ರಿಂದ ಬೇರೆಯೇ ಅಂಕಗಳಿವೆ. ಆಕೆ ಅಷ್ಟು ನಯವಾಗಿ ಕೇಳಿದಾಗ ನನಗಂತೂ ಎದೆ ಧಸಕ್ಕೆನ್ನುತ್ತದೆ: ರೋಗ ದೊಡ್ಡದೇ ಇರಬೇಕು, ಇಲ್ಲದಿದ್ದರೆ ಇಷ್ಟು ಮರ್ಯಾದೆ ಯಾಕೆ? ಹಾಗೆಂದು ನಯ ಬೇಡವೆನ್ನುವವನಲ್ಲ ನಾನು. ಅದರಲ್ಲಿ ಒಂದಿಷ್ಟು ನಮ್ಮ ವಾರ್ಡುಗಳಿಗೂ ಬಂದರೆ ಬಡವರು ಬದುಕಿಕೊಂಡಾರು. ಆದರೆ ಬೈಗುಳದೊಳಗೂ ಒಂದು ವಿಚಾರಣೆ ಇರುತ್ತದೆ, ಅದಕ್ಕೆ ಅಂಕ ಕೊಡುವ ಕಾಲಂ ಅವರ ಹಾಳೆಯಲ್ಲಿಲ್ಲ.

ಆಲಿಸುವ ಭಾಗದ ಪಾಡೇ ಬೇರೆ. ರೆಕಾರ್ಡು ಒಮ್ಮೆ ಮಾತ್ರ ಕೇಳಿಸುತ್ತದೆ. ಆ ಒಮ್ಮೆಗೇ ಸರಿಯಾಗಿ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ರಸ್ತೆಯಲ್ಲಿ ಹಾಯುತ್ತದೆ.

ಮೂವತ್ತು ದಾಟಿದ ಮೇಲೆ ಭಾಷೆ ನಾಲಿಗೆಗೆ ಹತ್ತುವುದಿಲ್ಲವೆಂದು ಆಕೆ ಮುಖ ಸಣ್ಣದು ಮಾಡಿದಾಗ ನಾನು ಡಾಕ್ಟರ್ ಕೋಟ್ನೀಸರನ್ನು ಎಳೆದು ತರುತ್ತೇನೆ. 1910ರಲ್ಲಿ ಇದೇ ಊರಲ್ಲಿ ಹುಟ್ಟಿ, 1938ರಲ್ಲಿ ಚೀನಾಕ್ಕೆ ಹೋಗಿ, ಯುದ್ಧದ ಗಾಯಾಳುಗಳ ನಡುವೆ ಚೀನೀ ಕಲಿತು, ಆ ಭಾಷೆಯಲ್ಲೇ ಪಾಠ ಹೇಳಿದವರು. 1942ರಲ್ಲಿ ಅಲ್ಲೇ ತೀರಿಕೊಂಡರು. “ಅವರಿಗೆ ಗ್ರೇಡ್ ಯಾರ ಕೇಳಿದ್ರು ಕಾಕಾ?” ಎನ್ನುತ್ತಾಳೆ. ನನ್ನಲ್ಲಿ ಉತ್ತರವಿಲ್ಲ.

ಈಗ ಜಗಳ ನಡೆದಿರುವುದು ಬರೆಯುವ ಭಾಗದ ಪತ್ರದ ಮೇಲೆ. ರೋಗಿಯನ್ನು ಬೇರೆ ಕಡೆ ಒಪ್ಪಿಸುವ ಪತ್ರ, 180ರಿಂದ 200 ಪದ. ಅದಕ್ಕೆಂದು ಕೊಡುವ ರೋಗಿಯ ಟಿಪ್ಪಣಿಯಲ್ಲಿ ಬೇಕಾದದ್ದರ ಜೊತೆ ಬೇಡಾದದ್ದೂ ತುಂಬಿರುತ್ತದೆ. ಏನು ಬಿಟ್ಟಿರಿ ಎಂಬುದನ್ನೂ ನೋಡುತ್ತಾರೆ. ತಾನೇ ಕಟ್ಟಿದ ಟಿಪ್ಪಣಿಯೊಂದರಲ್ಲಿ ಆಕೆ, ಮುದುಕಿ ಮಗಳ ಬಾಣಂತನಕ್ಕೆಂದು ಅಕ್ಕಲಕೋಟಕ್ಕೆ ಹೋಗಿ ಗುಳಿಗಿ ಬಿಟ್ಟಳೆಂದು ಬರೆದಿದ್ದಳು. ಪದ ಹೆಚ್ಚಾಯಿತು, ಹೊಡೆದುಹಾಕುತ್ತೇನೆಂದಳು. ಗುಳಿಗಿ ಬಿಟ್ಟ ಕಾರಣವೇ ಅದಾಗಿರುವಾಗ ಹೇಗೆ ಹೊಡೆಯುತ್ತೀ ಎಂದೆ ನಾನು. ಕಡೆಗೆ ಬಾಣಂತನ ಉಳಿಯಿತು, ಅಕ್ಕಲಕೋಟ ಹೋಯಿತು.