ಯಾವ ಊರು ನಿಮ್ಮದು?

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಮುಖ್ಯೋಪಾಧ್ಯಾಯರು ಕೇಳಿದಾಗ, ಮಕ್ಕಳಿಗೆ ಮುಂದೆ ಉಪಯೋಗಕ್ಕೆ ಬರುವಂಥದೇ ಆಗಲೆಂದು ನೌಕರಿಯ ಸಂದರ್ಶನದ ವಿಷಯವನ್ನು ಆರಿಸಿಕೊಂಡೆವು. ಸಂದರ್ಶನದಲ್ಲಿ ಮೊದಲು ಕೇಳುವ ಪ್ರಶ್ನೆ ಬಲು ಸುಲಭದ್ದು. ‘ಯಾವ ಊರು ನಿಮ್ಮದು?’ ಬೇರೆಯವರಿಗೆ ಸುಲಭ. ನಮ್ಮ ಕಡೆಯವರಿಗೆ ಅದೇ ತೊಡಕಿನ ಪ್ರಶ್ನೆ.

ನಾವೆಂದರೆ ದಂಪತಿಗಳಿಬ್ಬರು. ಇಬ್ಬರೂ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದವರು. ಯಜಮಾನರು ಹುಟ್ಟಿದ್ದು ರಾಯದುರ್ಗದಲ್ಲಿ, ಮನೆಯಾಕೆ ಮಡಕಶಿರಾ ತಾಲ್ಲೂಕಿನ ಅಗಳಿ ಕಡೆಯ ಒಂದು ಹಳ್ಳಿಯಲ್ಲಿ. ಒಬ್ಬರದು ಬಳ್ಳಾರಿ ಸೀಮೆಯ ಮಾತು, ಇನ್ನೊಬ್ಬರದು ಶಿರಾ, ಪಾವಗಡದ ಮಾತು. ಮದುವೆಯಾದ ಹೊಸದರಲ್ಲಿ ಒಬ್ಬರನ್ನೊಬ್ಬರು ಅಣಕಿಸಿದ್ದೇ ಹೆಚ್ಚು. ಯಾರ ಕಥೆ ಯಾರದೆಂದು ತಿಳಿಯಲು ಇಲ್ಲಿ ‘ರಾಯದುರ್ಗದವರು’, ‘ಮಡಕಶಿರಾದವರು’ ಎಂದೇ ಬರೆಯುತ್ತೇವೆ. ಬರೆದದ್ದು ಒಬ್ಬರು, ತಿದ್ದಿದ್ದು ಇನ್ನೊಬ್ಬರು.

ಊರಿನ ಪ್ರಶ್ನೆ ನಮಗೆ ಏಕೆ ತೊಡಕೆಂದು ಈಗಿನ ಮಕ್ಕಳಿಗೆ ಹೇಳಬೇಕು. ರಾಯದುರ್ಗ ಮೊದಲು ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆಗೆ ಹೋದವು; ಬಳ್ಳಾರಿ ಮೈಸೂರಿಗೆ ಸೇರಿತು. ಮಡಕಶಿರಾ ಹಿಂದಿನಿಂದಲೂ ಅನಂತಪುರ ಜಿಲ್ಲೆಯಲ್ಲಿದ್ದರೂ, ಶಿರಾ, ಮಧುಗಿರಿ, ಪಾವಗಡಗಳ ನಡುವೆ ಕೈ ಚಾಚಿ ಕುಳಿತಿದೆ. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಈ ಸೀಮೆಯಲ್ಲೇ ಇದೆ. 2022ರ ಏಪ್ರಿಲ್‌ನಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ರಾಯದುರ್ಗ ಅನಂತಪುರದಲ್ಲೇ ಉಳಿದಿದೆ. ಹೀಗಾಗಿ ಗಂಡ ಹೆಂಡತಿಯರ ಜಿಲ್ಲೆಗಳೂ ಬೇರೆಯಾದವು.

ರಾಯದುರ್ಗದವರು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಬೆಂಗಳೂರಿನ ಒಂದು ಕಚೇರಿಗೆ ಗುಮಾಸ್ತೆಯ ಕೆಲಸಕ್ಕೆ ಸಂದರ್ಶನಕ್ಕೆ ಹೋದರು. ಆಂಧ್ರದವನೆಂದರೆ ಕನ್ನಡ ಬಾರದೆಂದು ತಿಳಿದಾರೆಂಬ ಭಯ. ಊರು ಕೇಳಿದೊಡನೆ ‘ಬಳ್ಳಾರಿ ಸಾರ್’ ಎಂದುಬಿಟ್ಟರು. ಎದುರಿಗಿದ್ದವರ ಕೈಯಲ್ಲಿ ಪ್ರಮಾಣಪತ್ರವಿತ್ತು, ಅದರ ಮೇಲೆ ಅನಂತಪುರ ಜಿಲ್ಲೆಯ ಮುದ್ರೆಯಿತ್ತು. ಅವರು ಏನೂ ಅನ್ನಲಿಲ್ಲ. ‘ಹತ್ತನೇ ತರಗತಿ ಆದಮೇಲೆ ಒಂದು ವರ್ಷ ಖಾಲಿ ಇದೆಯಲ್ಲ, ಏನು ಮಾಡುತ್ತಿದ್ದಿರಿ?’ ಎಂದು ಕೇಳಿದರು. ಆ ವರ್ಷ ಮಳೆ ಬಾರದೆ, ಅಪ್ಪನ ಕೈಯಲ್ಲಿ ಕಾಸಿಲ್ಲದೆ, ಊರಿನಲ್ಲೇ ಪ್ಯಾಂಟು ಹೊಲಿಯುವ ಕಡೆ ಗುಂಡಿ ಹಾಕುವ ಕೆಲಸಕ್ಕೆ ಹೋಗುತ್ತಿದ್ದರು. ಅದನ್ನು ಹೇಳಲು ನಾಚಿಕೆಯಾಗಿ ‘ಆರೋಗ್ಯ ಸರಿಯಿರಲಿಲ್ಲ’ ಎಂದರು. ‘ಏನು ಕಾಯಿಲೆ?’ ಎಂದಾಗ ಕಾಯಿಲೆಯ ಹೆಸರು ಹೊಳೆಯಲಿಲ್ಲ. ಆಮೇಲೆ ನಿಜವಾಗಿಯೂ ಬರುತ್ತಿದ್ದ ಬೆರಳಚ್ಚಿನ ವೇಗವನ್ನು ಹೇಳಿದರೂ ಯಾರೂ ತಲೆಯೆತ್ತಿ ನೋಡಲಿಲ್ಲವಂತೆ. ಕೆಲಸ ಸಿಗಲಿಲ್ಲ. ತಮ್ಮೂರಿನ ಹೆಸರನ್ನು ತಾವೇ ಅಡಗಿಸಿದೆನೆಂಬ ಕೊರಗು ಬಹಳ ಕಾಲ ಉಳಿಯಿತು. ಇಂದು ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳಲ್ಲಿ ಗಡಿನಾಡು ಕನ್ನಡಿಗರ ಪ್ರದೇಶವೆಂದು ಆದೋನಿ, ಆಲೂರು, ರಾಯದುರ್ಗ, ಮಡಕಶಿರಾ ತಾಲ್ಲೂಕುಗಳ ಹೆಸರೇ ಅಚ್ಚಾಗಿರುವುದನ್ನು ಕಂಡಾಗ ಅವರಿಗೆ ನಗೆ ಬರುತ್ತದೆ.

ಮಡಕಶಿರಾದವರ ಸಂದರ್ಶನ ನಡೆದದ್ದು ಒಂದು ಶಾಲೆಯಲ್ಲಿ. ಅವರ ಭಯ ಬೇರೆ ಬಗೆಯದು, ತೆಲುಗು ತಡವರಿಸುತ್ತಿತ್ತು. ಮೇಜಿನ ಆಚೆ ಕುಳಿತಿದ್ದ ಹಿರಿಯ ಮುಖ್ಯೋಪಾಧ್ಯಾಯಿನಿ ಪ್ರಶ್ನೆ ಕೇಳುವ ಮೊದಲು ತಮ್ಮ ಮಾತನ್ನೇ ಹೇಳಿಕೊಂಡರು. ತಾವು ಕೆಲಸಕ್ಕೆ ಸೇರಿದ ಮೊದಲ ದಿನ ಗಾಬರಿಯಲ್ಲಿ ಬೇರೆ ತರಗತಿಗೆ ನುಗ್ಗಿ, ಅರ್ಧ ಗಂಟೆ ಪಾಠ ಮಾಡಿ ಬಂದರಂತೆ. ಎಲ್ಲರೂ ನಕ್ಕರು. ‘ನೀನೂ ಏನಾದರೂ ಎಡವಟ್ಟು ಮಾಡಿದ್ದಿದ್ದರೆ ಹೇಳಮ್ಮ’ ಎಂದರು. ಆಗ ರೇಷ್ಮೆ ಹುಳುವಿನ ಕಥೆ ಹೊರಬಿತ್ತು.

ಹುಳು ಸಾಕುವ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹುಳು ನಾಲ್ಕು ಸಲ ಜ್ವರಕ್ಕೆ ಕೂತು ಏಳುತ್ತದೆ. ನಾಲ್ಕನೇ ಜ್ವರ ಎದ್ದಮೇಲೆ ಅದರ ಹಸಿವು ಹೇಳತೀರದು. ಒಟ್ಟು ತಿನ್ನುವ ಸೊಪ್ಪಿನಲ್ಲಿ ಬಹುಪಾಲನ್ನು ಆ ಒಂದು ವಾರದಲ್ಲೇ ತಿನ್ನುತ್ತದೆ. ರಾತ್ರಿ ಎದ್ದು ಸೊಪ್ಪು ಹಾಕಬೇಕು. ಒಂದು ರಾತ್ರಿ ತುಂತುರು ಮಳೆ. ತಾಯಿ ನೆಂಟರ ಮನೆಗೆ ಹೋಗಿದ್ದರು. ನಿದ್ದೆಗಣ್ಣಿನಲ್ಲಿ ಈಕೆ ನೆನೆದ ಹಿಪ್ಪುನೇರಳೆ ಸೊಪ್ಪನ್ನು ಒರೆಸದೆ, ಆರಲು ಬಿಡದೆ, ಹಾಗೆಯೇ ತಟ್ಟೆಗಳಿಗೆ ಹಾಕಿ ಮಲಗಿದರು. ಮರುರಾತ್ರಿಯೂ ಹಾಗೆಯೇ ಆಯಿತು. ಮೂರು ದಿನದಲ್ಲಿ ಸಪ್ಪೆ ರೋಗ ಬಂತು. ಚಂದ್ರಿಕೆಗೆ ಬಿಡಬೇಕಾದ ಹುಳುವನ್ನು ತಿಪ್ಪೆಗೆ ಸುರಿದರು. ಹಿಂದೂಪುರದ ಮಾರುಕಟ್ಟೆಗೆ ಒಂದು ಬುಟ್ಟಿ ಗೂಡೂ ಹೋಗಲಿಲ್ಲ. ಅದೇ ದುಡ್ಡಿನಲ್ಲಿ ತಮ್ಮನ ಫೀಜು ಕಟ್ಟಬೇಕಾಗಿತ್ತು. ಅವನು ಆ ವರ್ಷ ಶಾಲೆ ಬಿಟ್ಟ.

ಇಷ್ಟು ಹೇಳಿ, ಮುಂದಿನ ಬೆಳೆಯಲ್ಲಿ ಯಾವ ಹೊತ್ತಿಗೆ ಎಷ್ಟು ಸೊಪ್ಪು ಹಾಕಿದ್ದೆಂದು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟದ್ದನ್ನೂ ಹೇಳಿದರು. ಅಳಲಿಲ್ಲ. ಆ ತಾಯಿ ‘ನೋಟುಬುಕ್ಕಿನಲ್ಲಿ ಏನೇನು ಕಲಂ ಹಾಕಿದ್ದೆ?’ ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಹಾಜರಿ ಪುಸ್ತಕ ಇವಳಿಗೇ ಕೊಡಬಹುದು ಎಂದು ಪಕ್ಕದವರಿಗೆ ತೆಲುಗಿನಲ್ಲಿ ಹೇಳಿದರು. ತೆಲುಗು ತಡವರಿಸಿದರೂ ಅದು ಮಾತ್ರ ಚೆನ್ನಾಗಿ ಅರ್ಥವಾಯಿತಂತೆ!

ಈಗ ಅನೇಕ ಕಡೆ ಸಂದರ್ಶನವೇ ಇಲ್ಲ. ಕೇಂದ್ರ ಸರ್ಕಾರದ ಕೆಳಹಂತದ ಹುದ್ದೆಗಳಿಗೆ 2016ರ ಜನವರಿ 1ರಿಂದ ಅದನ್ನು ನಿಲ್ಲಿಸಿದ್ದಾರೆ. ಶಿಫಾರಸಿನ ಕಾಟ ತಪ್ಪಿತೆಂದು ನಾವು ಸಂತೋಷಪಟ್ಟವರೇ. ಆದರೆ ಬೆಂಗಳೂರಿನ ಕಂಪನಿಗಳಿಗೆ, 2019ರಲ್ಲಿ ಪೆನುಕೊಂಡದ ಬಳಿ ಕಾರು ತಯಾರಿಸಲಾರಂಭಿಸಿದ ಕಿಯಾದಂಥ ಕಾರ್ಖಾನೆಗಳಿಗೆ, ಖಾಸಗಿ ಶಾಲೆಗಳಿಗೆ ಹೋಗುವ ನಮ್ಮ ಮಕ್ಕಳು ಯಾರದಾದರೂ ಎದುರಿಗೆ ಕುಳಿತು ಮಾತಾಡಲೇಬೇಕಾಗುತ್ತದೆ.

ಕೊನೆಯದಾಗಿ ನಮ್ಮ ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯವರು ಶಿಕ್ಷಕರ ಆಯ್ಕೆಗೆ ನಮ್ಮಿಬ್ಬರನ್ನೂ ಕರೆದರು. ಮೇಜಿನ ಆಚೆ ಕೂರುವುದು ಅದೇ ಮೊದಲು. ಬೆಳಿಗ್ಗೆ ಬಂದ ಇಬ್ಬರು ಹುಡುಗರು, ತಮ್ಮ ತಾಯಿ ಕೂಲಿಗೆ ಹುಣಸೆಹಣ್ಣು ಕುಟ್ಟಿ ತಮ್ಮನ್ನು ಓದಿಸಿದಳೆಂದು ಕಣ್ಣೊರೆಸಿಕೊಂಡರು. ಮಾತು, ನಿಲುಗಡೆ, ನಿಟ್ಟುಸಿರು ಎಲ್ಲ ಒಂದೇ. ಯಾರೋ ಕಲಿಸಿಕೊಟ್ಟ ಪಾಠವೆಂದು ತಿಳಿಯಿತು. ಊಟದ ಹೊತ್ತಿಗೆ ಒಬ್ಬ ಹುಡುಗಿ ಬಂದಳು. ಅವಳೂ ‘ನಮ್ಮಮ್ಮ ಹುಣಸೆಹಣ್ಣು ಕುಟ್ಟುತ್ತಾರೆ’ ಎಂದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡು ಸಣ್ಣಗೆ ನಕ್ಕೆವು. ಆ ನಗು ಅವಳ ಕಣ್ಣಿಗೆ ಬಿತ್ತು. ಆಮೇಲೆ ಅವಳು ಹೌದು, ಇಲ್ಲ ಎಂಬ ಎರಡೇ ಮಾತಿನಲ್ಲಿ ಉತ್ತರ ಕೊಟ್ಟು ಎದ್ದುಹೋದಳು.

ದಿನಕ್ಕೆ ಎಷ್ಟು ಕಿಲೋ ಆಗುತ್ತದಮ್ಮ, ಬೀಜ ಯಾರು ಕೊಳ್ಳುತ್ತಾರೆ, ಎಂದು ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ಆ ಹುಡುಗರು ತಬ್ಬಿಬ್ಬಾಗುತ್ತಿದ್ದರು. ಈಕೆ ಪಟಪಟನೆ ಹೇಳುತ್ತಿದ್ದಳು. ಹಸಿವಾಗಿತ್ತು, ಕೇಳಲಿಲ್ಲ. ನಮ್ಮ ಮನೆಯಲ್ಲೇ ರೇಷ್ಮೆ ಹುಳುವಿನ ಕಥೆಯನ್ನು ಯಾರೋ ಕೂತು ಕೇಳಿದ್ದರಿಂದ ಅನ್ನ ಹುಟ್ಟಿತ್ತೆಂಬುದೂ ನೆನಪಾಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಮಡಕಶಿರಾದ ಆಚೆ ಒಂದು ಮದುವೆಗೆ ಹೋದಾಗ ಆ ಹುಡುಗಿಯ ಊರು ಅದೇ ಎಂದು ತಿಳಿಯಿತು. ವಿಚಾರಿಸಿಕೊಂಡು ಹೋದೆವು. ಹುಡುಗಿ ಪಾವಗಡದಲ್ಲಿ ಯಾವುದೋ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಳು. ಜಗಲಿಯ ಮೇಲೆ ಅವಳ ತಾಯಿ ಹುಣಸೆಹಣ್ಣಿನ ರಾಶಿಯ ಮುಂದೆ ಕೂತಿದ್ದರು. ಬೆರಳ ತುದಿಗಳೆಲ್ಲ ಕಪ್ಪಾಗಿದ್ದವು. ಕೂರಲು ಚಾಪೆ ಹಾಕಿ, ಮಜ್ಜಿಗೆ ತಂದುಕೊಟ್ಟು, ಮತ್ತೆ ಕುಟ್ಟುತ್ತಾ ಕೇಳಿದರು:

‘ನೀವೇನಾ ಸ್ವಾಮಿ, ಅವತ್ತು ನಮ್ಮುಡುಗೀನ ಕೆಲಸಕ್ಕೆ ಕೇಳಿದ್ದು?’

‘ನಾವೇ ತಾಯಿ’ ಎಂದೆವು.