ಅಳತೆ ಎಲ್ಲಿಂದ ಹಿಡೀಬೇಕು?

ಒಂದು ಪ್ಲೇಟು. ಸಾಲಾಗಿ ಐದು ತೂತು, 20 ಮಿ.ಮೀ.ಗೆ ಒಂದರಂತೆ. ಡ್ರಾಯಿಂಗ್‌ನಲ್ಲಿ ಇದಕ್ಕೆ ಅಳತೆ ಹಾಕೋಕೆ ಎರಡು ದಾರಿ.

ಅಂಚಿನಿಂದ ಮೊದಲ ತೂತಿಗೆ 20±0.1, ಅಲ್ಲಿಂದ ಮುಂದಿನದಕ್ಕೆ 20±0.1 ಅಂತ ಸರಪಳಿಯಾಗಿ ಕೊಡ್ತಾ ಹೋದರೆ, ಐದನೇದು ಅಂಚಿನಿಂದ 99.5ರಲ್ಲೂ ಇರಬಹುದು, 100.5ರಲ್ಲೂ ಇರಬಹುದು. ಒಂದೊಂದು ಅಳತೆಯೂ ಪಾಸು, ಜೋಡಿಸೋವಾಗ ಮಾತ್ರ ಕೊನೇ ಬೋಲ್ಟು ಇಳಿಯಲ್ಲ. ಅದರ ಬದಲು ಒಂದೇ ಅಂಚಿನಿಂದ 20, 40, 60, 80, 100 ಅಂತ ಎಲ್ಲಕ್ಕೂ ±0.1 ಕೊಟ್ಟರೆ ಕೊನೇದೂ ±0.1ರ ಒಳಗೇ ಇರುತ್ತೆ. ಆದರೆ ಈಗ ಅಕ್ಕಪಕ್ಕದ ತೂತುಗಳ ನಡುವಿನ ಅಂತರ ±0.2 ಆಡುತ್ತೆ!

ಹಾಗಾದರೆ ಯಾವುದು ಸರಿ? ಆ ತೂತಿನಲ್ಲಿ ಏನು ಕೂರುತ್ತೆ ಅನ್ನೋದನ್ನ ಮೊದಲು ಕೇಳಬೇಕು. ಪಕ್ಕಪಕ್ಕದಲ್ಲಿ ಎರಡು ಗೇರ್ ಕಚ್ಚಿಕೊಂಡು ತಿರುಗಬೇಕಾದರೆ ಅವುಗಳ ಸೆಂಟರ್ ದೂರವನ್ನೇ ನೇರವಾಗಿ ಕೊಡಿ. ಪ್ಲೇಟು ಇನ್ನೊಂದರ ಮೇಲೆ ಅಂಚಿಗೆ ಅಂಚು ಕೂತು ಬೋಲ್ಟ್ ಆಗಬೇಕಾದರೆ ಒಂದೇ ಅಂಚು ಹಿಡಿಯಿರಿ.

ಇಷ್ಟು ಯೋಚನೆ ಯಾಕೆ ಅಂತ ಎಲ್ಲಾ ಕಡೆ ±0.01 ಬರೆದು ಕೈತೊಳೆದುಕೊಳ್ಳೋರೂ ಇದ್ದಾರೆ. ಆ ಡ್ರಾಯಿಂಗ್ ಹಿಡಿದು ಪೀಣ್ಯದ ವರ್ಕ್‌ಶಾಪ್‌ಗೆ ಹೋಗಿ ನೋಡಿ. ಸಾದಾ ಡ್ರಿಲ್ಲಿಂಗ್‌ನಲ್ಲಿ ಮುಗಿಯೋ ಕೆಲಸಕ್ಕೆ ಬೇರೆ ಮಷೀನು, ಬೇರೆ ರೇಟು. ಸಾಲದ್ದಕ್ಕೆ, 0.02 ಲೀಸ್ಟ್ ಕೌಂಟ್ ಇರೋ ವರ್ನಿಯರ್‌ನಲ್ಲಿ 0.01 ಚೆಕ್ ಮಾಡೋದಾದರೂ ಹೇಗೆ?

ಅಳತೆ ಗೆರೆಗಳನ್ನ ಕ್ಯಾಡ್ ಸಾಫ್ಟ್‌ವೇರ್ ತಾನೇ ಎಳೆದುಕೊಡುತ್ತೆ. ಅದರಲ್ಲಿ ಯಾವುದಕ್ಕೆ ದುಡ್ಡು ಸುರಿಯಬೇಕು ಅನ್ನೋದನ್ನ ಡಿಸೈನ್ ಮಾಡಿದವರೇ ಹೇಳಬೇಕು.